ಹೇಸ್ಟಿಂಗ್ಸ್ ಬೀದಿಯ ಮೇಲೊಂದು ಉಪನ್ಯಾಸ

ತನ್ನ ಕಾಲೊನಿಗೆ ಹೋಗುವ ದಾರಿ ತನಗೇ ಗೊತ್ತಿಲ್ಲದವನಂತೆ ಇರಬೇಕು ಎಂಬುದು ರವಿಕುಮಾರನಿಗೆ ಹೊಳೆದದ್ದು ಬನಶಂಕರಿ ಬಸ್ ನಿಲ್ದಾಣ ದಾಟಿದ ಮೇಲೆ. ಅಲ್ಲಿಯವರೆಗೂ ಅವನು ಯೋಚಿಸುತ್ತಿದ್ದದ್ದು ಕೈಗಳನ್ನು ಎಲ್ಲಿಡಬೇಕು ಎಂಬುದನ್ನು. ಸ್ಕೂಟರ್ ಓಡಿಸುತ್ತಿದ್ದವಳು ಮನೆ ಮಾಲೀಕ ಬೋರಣ್ಣನವರ ಮಗಳು ಬಿಂದುಶ್ರೀ, ಆರ್ಕಿಟೆಕ್ಚರ್ ಓದುವ ಹುಡುಗಿ. ಹಿಂದಿನ ಸೀಟಿನಲ್ಲಿ ನಲವತ್ತು ದಾಟಿದ ಬಾಡಿಗೆದಾರ ತಾನು, ಬೆನ್ನ ಹಿಂದಿನ ಕಬ್ಬಿಣದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಮೈಗೆ ಎಲ್ಲೂ ತಾಕದಂತೆ ಹೊಟ್ಟೆ ಒಳಗೆಳೆದುಕೊಂಡು ಕೂತಿದ್ದ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವನು ಒಮ್ಮೆ ಅವಳನ್ನೂ ಒಮ್ಮೆ ಇವನನ್ನೂ ನೋಡಿ ನಕ್ಕ. ನಗುವಂಥದ್ದೇ. ಆದರೆ ಹಿಡಿಯ ಚಿಂತೆ ಮುಗಿಯುವಷ್ಟರಲ್ಲಿ ಅವಳು ಮುಂದಿನ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಮ್ಯಾಪ್ ಹಾಕಿದಳು. ಅದರೊಳಗಿನ ಹೆಂಗಸು, ಅವನು ಹುಟ್ಟಿ ಬೆಳೆದ ಬೀದಿಗೆ ದಾರಿ ಹೇಳಲು ಶುರು ಮಾಡಿದಳು. "ನಿಮ್ಗೆ ಆ ಕಡೆ ಗೊತ್ತಾ ಅಂಕಲ್?" ಎಂದು ಬಿಂದು ಹೆಲ್ಮೆಟ್ಟಿನೊಳಗಿಂದ ಕೂಗಿದಳು. "ಅಷ್ಟಾಗಿ ಇಲ್ಲ" ಎಂದ. ಅಷ್ಟಾಗಿ ಎಂಬ ಪದವನ್ನು ಸೇರಿಸಿದ್ದಕ್ಕೆ ಅವನಿಗೆ ಕೊಂಚ ಸಮಾಧಾನವಾಯಿತು. ಪೂರ್ತಿ ಸುಳ್ಳನ್ನು ಅವನು ಹೇಳುವವನಲ್ಲ. ಯಾವಾಗಲೂ ಒಂದು ಅಷ್ಟಾಗಿ, ಒಂದು ಸುಮಾರಾಗಿ, ಒಂದು ನಗು.

ಪದ್ಮನಾಭನಗರದ ಮನೆಯೂ ಅವನಿಗೆ ಸಿಕ್ಕಿದ್ದು ಒಂದು ನಗುವಿನಿಂದಲೇ. ಅದಕ್ಕೂ ಮೊದಲು ನೋಡಿದ ಮನೆಗಳಲ್ಲೆಲ್ಲ ಕೀ ತೆಗೆದು ತೋರಿಸಿ, ನೀರು ಕರೆಂಟು ಎಲ್ಲ ವಿವರಿಸಿ, ಕೊನೆಗೆ ಮೆಟ್ಟಿಲಿಳಿಯುವಾಗ ಮಾಮೂಲಿ ಮಾತಿನಂತೆ ಕೇಳುತ್ತಿದ್ದರು: ನಿಮ್ ಮನೆದೇವ್ರು ಯಾವ್ದು? ಜಾತಿ ಯಾವುದೆಂದು ಈಗ ಯಾರೂ ಕೇಳುವುದಿಲ್ಲ. ಮನೆದೇವರನ್ನು ಕೇಳುತ್ತಾರೆ, ಯಾವ ಕಡೆಯವರು ಎನ್ನುತ್ತಾರೆ, ಊರಲ್ಲಿ ಜಮೀನು ಎಷ್ಟಿದೆ ಎನ್ನುತ್ತಾರೆ. ರವಿಕುಮಾರನ ಅಪ್ಪ ಸಂಜೀವಯ್ಯ ಹರೆಯದಲ್ಲೇ ಬುದ್ಧನ ದಾರಿ ಹಿಡಿದು ಮನೆಯಲ್ಲಿದ್ದ ದೇವರ ಪಟಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದವರು. ಮನೆದೇವರೇ ಇಲ್ಲದ ಮನೆಯಿಂದ ಬಂದವನು ಏನು ಹೇಳಬೇಕು? ಮೊದಲ ಮೂರು ಕಡೆ ನಿಜ ಹೇಳಿದ. ಮಾರನೆಯ ದಿನ ಫೋನು: ನಮ್ ತಮ್ಮನೇ ಬರ್ತಾನಂತೆ, ಬೇಜಾರ್ ಮಾಡ್ಕೋಬೇಡಿ. ಬೋರಣ್ಣ ಕೇಳಿದಾಗ, ಪಕ್ಕದಲ್ಲಿದ್ದ ತನ್ನ ಹೆಂಡತಿ ಸರ್ವಮಂಗಳಾ ಬಾಯಿ ತೆರೆಯುವ ಮುಂಚೆಯೇ ರವಿಕುಮಾರ, "ತಿರುಪತಿ ತಿಮ್ಮಪ್ಪ" ಎಂದುಬಿಟ್ಟ. ಬೋರಣ್ಣನ ಮುಖ ಅರಳಿತು. "ಓ, ನಮ್ಮೋರೇ ಅನ್ನಿ ಹಂಗಾದ್ರೆ" ಎಂದರು. ರವಿಕುಮಾರ ಮುಗುಳ್ನಕ್ಕ, ಅಷ್ಟೇ. ತಿಮ್ಮಪ್ಪನಿಗೆ ಎಲ್ಲರೂ ಒಕ್ಕಲು, ಅವನು ಯಾರ ಸ್ವತ್ತೂ ಅಲ್ಲ, ನಗುವುದು ಸುಳ್ಳು ಹೇಳಿದಂತೆ ಅಲ್ಲ ಎಂದು ರಾತ್ರಿಯಿಡೀ ಹೆಂಡತಿಗೆ ವಿವರಿಸಿದ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಈ ಭಾನುವಾರ ಅವಳು ಮಗುವನ್ನು ಕರೆದುಕೊಂಡು ತಲಘಟ್ಟಪುರದ ತವರಿಗೆ ಹೋಗಿದ್ದಾಳೆ; ಇದ್ದಿದ್ದರೆ ಅವಳ ಮುಖ ನೋಡಿಕೊಂಡು ಈ ಸ್ಕೂಟರ್ ಹತ್ತಲು ಅವನಿಂದ ಆಗುತ್ತಿರಲಿಲ್ಲ.

ಇವತ್ತು ಅವನು ಭಾಷಣಕಾರನಾಗಿ ಹೋಗಬೇಕಿತ್ತು. ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಸಂಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ವರ್ಷಗಳಲ್ಲಿ, ಹೊಸದಾಗಿ ಬಂದಿದ್ದ ಇತಿಹಾಸದ ಮೇಷ್ಟರೊಬ್ಬರು ಪಠ್ಯ ಮುಗಿಸಿ ಉಳಿದ ಹೊತ್ತಿನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಒಂದು ಕಪ್ಪು ಜನರ ಕೇರಿಯ ಕಥೆ ಹೇಳಿದ್ದರು. ಬ್ಲ್ಯಾಕ್ ಬಾಟಮ್ ಎಂದು ಅದರ ಹೆಸರು, ಅದರ ನಡುವೆ ಹರಿದುಹೋಗುವ ದೊಡ್ಡ ಬೀದಿ ಹೇಸ್ಟಿಂಗ್ಸ್. ಎಂದೂ ನೋಡದ, ಈಗ ನೋಡಬೇಕೆಂದರೂ ಇಲ್ಲದ ಆ ಬೀದಿ ಅವನ ತಲೆಯಲ್ಲಿ ಬಂದು ಕೂತುಬಿಟ್ಟಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಆ ಊರಿನ ಲೈಬ್ರರಿಯ ಹಳೆಯ ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಯಾವ ಮೂಲೆಯಲ್ಲಿ ಔಷಧಿ ಅಂಗಡಿ, ಯಾವ ಮನೆಯ ಜಗಲಿಯ ಹಲಗೆ ಕಿತ್ತಿದೆ, ಎಲ್ಲವೂ ಬಾಯಿಪಾಠ. ಕಾಲೊನಿಯ ಬುದ್ಧವಿಹಾರದಲ್ಲಿ ಪ್ರತಿ ಭಾನುವಾರ ಅಧ್ಯಯನ ಕೂಟ ನಡೆಸುವ ಅಪ್ಪ, ಅದನ್ನೇ ನಮ್ಮೋರಿಗೂ ಬಂದು ಹೇಳಪ್ಪ ಎಂದು ವರ್ಷಗಳಿಂದ ಕೇಳುತ್ತಿದ್ದರು. ಕೊನೆಗೆ ಒಪ್ಪಿ, ತಿಂಗಳುಗಟ್ಟಲೆ ಕೂತು ಬರೆದ. ಆದರೆ ಪೋಸ್ಟರಿನಲ್ಲಿ ತನ್ನ ಹೆಸರು ಬೇಡ ಎಂದು ತಂಗಿ ಕಲ್ಯಾಣಿಗೆ ಹೇಳಿದ. ವಾಟ್ಸಾಪಿನಲ್ಲಿ ಎಲ್ಲಿಂದೆಲ್ಲಿಗೋ ಹೋಗುತ್ತೆ, ಅಂಗಡಿಯ ಯಜಮಾನರು ನೋಡಿದರೆ ಸರಿಯಾಗಲ್ಲ ಎಂದು ಕಾರಣ ಕೊಟ್ಟ. ಕಲ್ಯಾಣಿ ಹೆಸರಿನ ಜಾಗದಲ್ಲಿ ಒಂದು ಹೂವಿನ ಚಿತ್ರ ಹಾಕಿದಳು.

ಆ ಹೂವಿನ ಪೋಸ್ಟರು ಕಾಲೇಜಿನ ಗೆಳತಿಯೊಬ್ಬಳಿಂದ ಬಿಂದುಶ್ರೀಗೆ ತಲುಪಿತ್ತು. ನೆನ್ನೆ ಸಂಜೆ ಮೆಟ್ಟಿಲಲ್ಲಿ ಸಿಕ್ಕಿ, "ಅಂಕಲ್, ನೀವು ಟೆರೇಸ್ ಮೇಲೆ ಫೋಟೋ ತೋರಿಸ್ತಿದ್ರಲ್ಲ, ಅದೇ ಏರಿಯಾ ಬಗ್ಗೆ ಟಾಕ್ ಇದೆ ಗೊತ್ತಾ" ಎಂದು ಮೊಬೈಲ್ ಮುಂದೆ ಹಿಡಿದಳು. ಅವಳ ತಾಯಿ ಅಂಜನಮ್ಮ ಒಳಗಿನಿಂದಲೇ, "ಆ ಕಡೆ ಒಬ್ಳೇ ಹೋಗ್ಬೇಡ ಕಣೇ. ಮಡಿವಾಳದ ಹಿಂದೆ ಅಂದ್ರೆ ನಂಗೊತ್ತಿಲ್ವಾ ಎಂಥಾ ಜಾಗ ಅಂತ" ಎಂದರು. ಆಮೇಲೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, "ರವಿಯವ್ರೇ, ನಾಳೆ ಕೆಲ್ಸ ಇಲ್ದಿದ್ರೆ ನಮ್ ಬಿಂದು ಜೊತೆ ಹೋಗ್ಬರ್ತೀರಾ? ನೀವಿದ್ರೆ ನಮ್ಗೊಂದು ಧೈರ್ಯ" ಎಂದರು. ಅವನು ಮತ್ತೆ ನಕ್ಕ.

ಮನೆಯೊಳಗೆ ಹೋಗಿ ಬಾಗಿಲು ಹಾಕಿ, ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿಕೊಂಡು ಕಲ್ಯಾಣಿಗೆ ಫೋನ್ ಮಾಡಿದ್ದ. "ಹೇಳಣ್ಣ, ಅಪ್ಪ ನಿನ್ ಭಾಷಣಕ್ಕೆ ಅಂತ ಎರಡು ಬಾಡಿಗೆ ಫ್ಯಾನು ಹೇಳವ್ರೆ. ಮದುವೆ ಮನೆ ತರ ಓಡಾಡ್ತವ್ರೆ" ಎಂದಳು.

"ಓನರ್ ಮಗಳು ಬರ್ತಾಳಂತೆ ಕಲ್ಯಾಣಿ."

"ಬರ್ಲಿ ಬಿಡು. ಕುರ್ಚಿ ಇದೆ."

"ಹಂಗಲ್ಲ."

ಆ ಕಡೆ ಕುಕ್ಕರ್ ಕೂಗುತ್ತಿತ್ತು. "ನಾನ್ ಓದ್ಲಾ?" ಎಂದಳು.

"ಹೂಂ."

"ನೀನ್ ಬರಲ್ವಾ?"

"ಬರ್ತೀನಿ. ಅವಳ ಜೊತೆ. ಕೇಳೋಕೆ."

"ಸರಿ. ಅಪ್ಪಂಗೆ ಏನಂತ ಹೇಳ್ಲಿ?"

"ನೀನೇ ಏನಾದ್ರೂ ಹೇಳು" ಎಂದು ಇಟ್ಟುಬಿಟ್ಟ. ಅಪ್ಪನಿಗೆ ಹೇಳಲು ಹೊಸದೇನೂ ಇರಲಿಲ್ಲ. ಪದ್ಮನಾಭನಗರದ ಮನೆಗೆ ಅವರು ಬಂದದ್ದು ಒಂದೇ ಸಲ. ನಡುಮನೆಯಲ್ಲಿ ಹೊಸದಾಗಿ ತೂಗುಹಾಕಿದ್ದ ತಿಮ್ಮಪ್ಪನ ಪಟವನ್ನು ನೋಡಿ, ಏನೂ ಕೇಳದೆ ಕಾಫಿ ಕುಡಿದು ಹೋದರು. ಆಮೇಲೆ ಕರೆದಾಗಲೆಲ್ಲ, ನಿಮ್ ಮನೆ ಮೆಟ್ಲು ಜಾಸ್ತಿ ಕಣಪ್ಪ, ಮಂಡಿ ಆಗಲ್ಲ ಎನ್ನುತ್ತಾರೆ. ಕಾಲೊನಿಯಲ್ಲಿ ನೀರಿನ ಟ್ಯಾಂಕಿನ ಏಣಿಯನ್ನು ಅವರೇ ಹತ್ತುವುದನ್ನು ರವಿಕುಮಾರ ನೋಡಿದ್ದಾನೆ.

ಜಯದೇವ ಜಂಕ್ಷನ್ ಕಳೆದು ಬಿಟಿಎಂ ಒಳಗಿಂದ ಬಂದು, ಮಡಿವಾಳದ ಸಂದಿಗಳಿಗೆ ತಿರುಗಿದಾಗ ಮ್ಯಾಪಿನ ಹೆಂಗಸು ಎಡಕ್ಕೆ ಹೋಗಿ ಎಂದಳು. ಆ ದಾರಿ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಕಾಲೊನಿಯ ಮುಂದಿನ ಎರಡು ಸಾಲು ಮನೆಗಳು ಹೋಗಿ, ಆ ಕಡೆಯ ಅಪಾರ್ಟ್‌ಮೆಂಟಿನವರು ಅಡ್ಡಲಾಗಿ ಗೋಡೆ ಎಬ್ಬಿಸಿದ್ದಾರೆ. ಬಲಕ್ಕೆ ಹೋಗಿ ಮೋರಿ ದಾಟಬೇಕು. ಹೇಳಬೇಕೆಂದು ಬಾಯಿ ತೆರೆದ, ಮುಚ್ಚಿದ. ಸ್ಕೂಟರ್ ಎಡಕ್ಕೆ ತಿರುಗಿ ಗೋಡೆಯ ಮುಂದೆ ನಿಂತಿತು. ಗೋಡೆಯ ಪಕ್ಕ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಪಿಳ್ಳಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಏನ್ಲಾ ರವಿ, ಗೋಡೆ ಎದ್ದಿರೋದೇ ಮರ್ತೋಯ್ತಾ? ನಿಮ್ಮಪ್ಪ ಆಗ್ಲಿಂದ ಗೇಟಲ್ಲೇ ನಿಂತವ್ನೆ" ಎಂದ. ರವಿಕುಮಾರ ಹಿಂದೆ ತಿರುಗಿ ನೋಡಿದ, ಇನ್ನೊಬ್ಬ ರವಿ ಅಲ್ಲೆಲ್ಲಾದರೂ ಇದ್ದಾನೇನೋ ಎಂಬಂತೆ. "ಬೇರೆ ಯಾರೋ ಅನ್ಕೊಂಡಿರ್ಬೇಕು" ಎಂದು ಬಿಂದುವಿಗೆ ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದ್ದು ಪಿಳ್ಳಪ್ಪನಿಗೂ ಕೇಳಿಸಿತು. ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ, ಬಟ್ಟೆಯ ಮೇಲೆ ಇಡದೆ, ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತ. ಚಿಕ್ಕವನಿದ್ದಾಗ ಜ್ವರ ಬಂದ ಇವನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ಪಿಳ್ಳಪ್ಪ. "ಹೌದೇನೋ ಸ್ವಾಮಿ. ಕಣ್ಣು ಮಂಜು" ಎಂದು, ಬಲಗಡೆ ಮೋರಿಯತ್ತ ಕೈ ತೋರಿಸಿದ.

ವಿಹಾರದ ಗೇಟಿನಲ್ಲಿ ಅಪ್ಪ ನಿಜಕ್ಕೂ ನಿಂತಿದ್ದರು. ಬಿಳಿ ಶರ್ಟು, ತೊಳೆದ ಚಪ್ಪಲಿ. ಮಗನನ್ನು ಕಂಡ ಕೂಡಲೇ ಮುಖದಲ್ಲಿ ಏನೋ ಏಳತೊಡಗಿ, ಅವನ ಹಿಂದೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಬರುತ್ತಿದ್ದ ಹುಡುಗಿಯನ್ನು ಕಂಡು ಅಲ್ಲೇ ತಡೆಯಿತು. ಕಲ್ಯಾಣಿ ಹೇಳಿದ್ದಾಳೆ. ಅವರು ಕೈ ಮುಗಿದು, "ಬನ್ನಿ ಸಾರ್, ಬಾಮ್ಮ, ಒಳಗೆ ಬನ್ನಿ. ಫ್ಯಾನ್ ಕೆಳಗೆ ಕೂತ್ಕೊಳಿ" ಎಂದರು. ಸಾರ್ ಎಂಬ ಆ ಪದವನ್ನು ಅವರು ಜೀವಮಾನವಿಡೀ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರುಗಳಿಗೆ ಬಳಸಿದ್ದರು, ನಾಲಿಗೆ ತಡವರಿಸಲಿಲ್ಲ. ರವಿಕುಮಾರನೂ ಕೈ ಮುಗಿದ. ಅಪ್ಪನಿಗೆ ತಾನು ಹೀಗೆ ಕೈ ಮುಗಿದದ್ದು ಇದೇ ಮೊದಲು ಎಂಬುದು ಆ ಕ್ಷಣಕ್ಕೆ ನೆನಪಾಗಿ ಅಂಗೈಗಳು ಅಂಟಿಕೊಂಡಂತೆ ಅನಿಸಿತು.

ಕಲ್ಯಾಣಿ ಬಾಬಾಸಾಹೇಬರ ಫೋಟೋದ ಪಕ್ಕ ನಿಂತು ಮೊಬೈಲ್ ನೋಡಿಕೊಂಡು ಓದತೊಡಗಿದಳು. ಕಪ್ಪು ಎಂಬುದು ಆ ಹೆಸರಿಗೆ ಬಂದದ್ದು ಜನರಿಂದಲ್ಲ, ಮೊದಲು ಅಲ್ಲಿ ಬೇಸಾಯ ಮಾಡಿದ ಫ್ರೆಂಚರು ಕಂಡ ಕಪ್ಪು ಎರೆಮಣ್ಣಿನಿಂದ ಎಂದು ಹೇಳುತ್ತಾರೆ. ದಕ್ಷಿಣದ ಹತ್ತಿ ಹೊಲಗಳಿಂದ ಕಾರು ಕಾರ್ಖಾನೆಗಳ ಕೆಲಸಕ್ಕೆ ರೈಲು ಹತ್ತಿ ಬಂದವರಿಗೆ ಆ ಊರಿನಲ್ಲಿ ಬೇರೆಲ್ಲೂ ಮನೆ ಸಿಗುತ್ತಿರಲಿಲ್ಲ. ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂದು ಎಷ್ಟೋ ಮನೆಗಳ ಕ್ರಯಪತ್ರದಲ್ಲೇ ಬರೆದಿರುತ್ತಿತ್ತು. ಹಾಗಾಗಿ ಎಲ್ಲರೂ ಅಲ್ಲೇ, ಒಂದು ಮನೆಯಲ್ಲಿ ಹಲವು ಸಂಸಾರ, ಹರಕು ಮನೆಗೆ ಹೆಚ್ಚು ಬಾಡಿಗೆ. ಅಲ್ಲೇ ಡಾಕ್ಟರು, ಅಲ್ಲೇ ವಕೀಲ, ಅಲ್ಲೇ ಕ್ಷೌರದಂಗಡಿ, ಹೋಟೆಲು, ಚರ್ಚು. ರಾತ್ರಿಯಾದರೆ ಬೀದಿಯ ಆ ತುದಿಯ ಕ್ಲಬ್ಬುಗಳಲ್ಲಿ ಸಂಗೀತ. ಅದನ್ನು ಕೇಳಲು, ಇವರಿಗೆ ಮನೆ ಕೊಡದ ಬಿಳಿಯರೂ ಬರುತ್ತಿದ್ದರು. ಬರೆಯುವಾಗ ಎಷ್ಟು ಸಲ ತಿದ್ದಿದ್ದ ಈ ವಾಕ್ಯಗಳನ್ನು. ತಂಗಿಯ ಬಾಯಲ್ಲಿ ಅವು ಪರೀಕ್ಷೆಯ ಫಲಿತಾಂಶದಂತೆ ಕೇಳುತ್ತಿದ್ದವು. ಉಸಿರು ತೆಗೆದುಕೊಳ್ಳಬೇಕಾದ ಕಡೆ ನಿಲ್ಲದೆ, ನಿಲ್ಲಬಾರದ ಕಡೆ ನಿಂತು ಮೊಬೈಲಿನ ಪರದೆ ಸರಿಸುತ್ತಿದ್ದಳು. ಅವನ ತುಟಿ ಅವಳಿಗಿಂತ ಒಂದು ಪದ ಮುಂದೆ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಬಿಂದು ಪುಸ್ತಕ ತೆಗೆದು ಬರೆದುಕೊಳ್ಳುತ್ತಿರುವುದನ್ನು ಕಂಡು ಹಲ್ಲಿನಿಂದ ತುಟಿ ಕಚ್ಚಿ ಹಿಡಿದ. ಅವನಿಗೆ ನಾಚಿಕೆಯಾದದ್ದು ಬೇರೊಂದಕ್ಕೆ. ಇದನ್ನು ಬರೆದವನು ನಾನು ಎಂದು ಈ ಹುಡುಗಿಗೆ ಹೇಳಿಕೊಳ್ಳುವ ಆಸೆ, ಸಣ್ಣ ಹುಡುಗನ ಆಸೆಯಂತೆ, ಈ ಸ್ಥಿತಿಯಲ್ಲೂ ಅವನೊಳಗೆ ಎದ್ದಿತ್ತು.

ಆಮೇಲೆ ಫೋಟೋಗಳ ವಿಷಯ ಬಂತು. ಬೀದಿಯನ್ನು ಕೆಡವುವ ಮುಂಚೆ, ಪರಿಹಾರದ ಬೆಲೆ ಕಟ್ಟಲೆಂದು, ನಗರಾಡಳಿತ ಒಂದೊಂದು ಮನೆಯ ಫೋಟೋ ತೆಗೆಸಿತು. ಇವತ್ತು ಆ ಕೇರಿ ಹೇಗಿತ್ತು ಎಂದು ನೋಡಲು ಹೆಚ್ಚಾಗಿ ಉಳಿದಿರುವುದು ಅವೇ, ಕೆಡವಲು ಬಂದವರು ತೆಗೆದವು. ಕೆಲವುಗಳಲ್ಲಿ ಬಾಗಿಲಲ್ಲಿ ಜನ ನಿಂತಿದ್ದಾರೆ. ಮಕ್ಕಳು ನಗುತ್ತಿದ್ದಾರೆ. ನಂತರ ಹೇಸ್ಟಿಂಗ್ಸ್ ಬೀದಿಯ ಮೇಲೆಯೇ ಅಗಲವಾದ ಹೆದ್ದಾರಿ ಬಂತು.

"ಅಲ್ಲೂ ರೋಡಿಗೇನಾ?" ಎಂದು ಹಿಂದಿನ ಸಾಲಿನಿಂದ ಬೋರಯ್ಯ ಎಂಬ ಮುದುಕ ಕೇಳಿದ.

"ಹೂಂ ತಾತ, ರೋಡಿಗೇ" ಎಂದಳು ಕಲ್ಯಾಣಿ.

"ಎಲ್ಲಾ ಕಡೆಗೂ ಒಬ್ನೇ ಇಂಜಿನಿಯರ್ರಾ ಏನ್ ಕತೆ."

ಎಲ್ಲರೂ ನಕ್ಕರು. ಬಿಂದುವೂ ನಕ್ಕಳು. ರವಿಕುಮಾರನಿಗೆ ಮಾತ್ರ, ಬಾಗಿಲಲ್ಲಿ ನಿಂತ ಆ ಜನರ ನಡುವೆ ಅಮ್ಮ ಕಂಡಳು. ಅಮ್ಮ ಈಶ್ವರಮ್ಮ ತೀರಿಕೊಂಡಾಗ ಮನೆ ಮಾಲೀಕ ಬೋರಣ್ಣ ಪದ್ಮನಾಭನಗರದ ಮನೆಯ ಗೇಟಿನಲ್ಲಿ ತಡೆದು, "ಏನ್ ರವಿಯವ್ರೇ, ಎಲ್ಗೆ ಹಿಂಗೆ ಆತುರದಲ್ಲಿ" ಎಂದು ಕೇಳಿದ್ದರು. ಹೇಳಿದ್ದರೆ ಅವರು ಹಾರ ತೆಗೆದುಕೊಂಡು ಬಂದೇ ಬಿಡುತ್ತಿದ್ದರು, ಒಳ್ಳೆಯ ಜನ. ಕಾಲೊನಿ ನೋಡುತ್ತಿದ್ದರು, ಬುದ್ಧವಂದನೆ ಕೇಳುತ್ತಿದ್ದರು. "ದೂರದ ಚಿಕ್ಕಮ್ಮ ಒಬ್ರು ಹೋಗ್ಬಿಟ್ರು" ಎಂದ. ಮೂರು ದಿನ ಕಾಲೊನಿಯಲ್ಲಿದ್ದು ವಾಪಸ್ ಬಂದ ಮೇಲೆ, ದೂರದ ಚಿಕ್ಕಮ್ಮನಿಗೆ ಎಷ್ಟು ಅಳಬಹುದೋ ಅಷ್ಟೇ ಮುಖ ಇಟ್ಟುಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಅಂಜನಮ್ಮ ಕೆಲವು ದಿನ ಕಳೆದು, "ವಯಸ್ಸಾಗಿತ್ತಾ?" ಎಂದು ಕೇಳಿದ್ದರು. "ಹೂಂ, ಆಗಿತ್ತು" ಎಂದಿದ್ದ. ಆಗಿರಲಿಲ್ಲ.

ಓದು ಮುಗಿದು ಚಪ್ಪಾಳೆಯಾಯಿತು. ಅಪ್ಪ ಎದ್ದು, ಬರೆದವರು ಊರಲ್ಲಿಲ್ಲ, ಆದ್ರೂ ಏನಾದ್ರೂ ಕೇಳೋದಿದ್ರೆ ಕೇಳಿ ಎಂದರು. ಬಿಂದುಶ್ರೀ ಕೈ ಎತ್ತಿ ನಿಂತಳು. "ಒಂದು ಡೌಟು. ಆ ಬೀದಿಯವ್ರಲ್ಲಿ ತುಂಬಾ ಬೆಳ್ಳಗಿರೋರು ನಾವೂ ಬಿಳಿಯರೇ ಅಂತ ಹೇಳ್ಕೊಂಡು ಬೇರೆ ಕಡೆ ಮನೆ ಮಾಡಿರ್ಬೇಕಲ್ವಾ? ಅಂಥೋರು ಅಪ್ಪ ಅಮ್ಮನ್ನ ಹೆಂಗ್ ನೋಡೋಕ್ ಬರ್ತಿದ್ರು?"

ಆ ಭಾಗವನ್ನು ಅವನು ಬರೆದಿದ್ದ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು ಅಳಿಸಿಹಾಕಿದ್ದ. ಕಲ್ಯಾಣಿ ಪರದೆಯನ್ನು ಮೇಲೆ ಕೆಳಗೆ ಸರಿಸಿ, "ಇದ್ರಲ್ಲಿ ಅದಿಲ್ಲ" ಎಂದಳು. ಅವನ ಕಡೆ ನೋಡದಿರಲು ಅವಳು ಪಡುತ್ತಿದ್ದ ಕಷ್ಟ ಎಲ್ಲರಿಗೂ ಕಾಣುವಂತಿತ್ತು. ಅಲ್ಲಿದ್ದ ಎಲ್ಲರಿಗೂ ಅವನು ಯಾರೆಂದು ಗೊತ್ತು. ಬೋರಯ್ಯನಿಗೆ, ಮುಂದಿನ ಸಾಲಿನ ಹೆಂಗಸರಿಗೆ, ಫ್ಯಾನಿನವನಿಗೆ. ಯಾರೂ ತಲೆ ತಿರುಗಿಸಲಿಲ್ಲ. ಇಷ್ಟು ಜನ ಒಟ್ಟಿಗೆ ತನ್ನನ್ನು ನೋಡದೇ ಇರುವುದು ಅವನ ಬೆನ್ನಿಗೆ ಬಿಸಿಯಾಗಿ ತಾಕುತ್ತಿತ್ತು. ಅಪ್ಪ ಗೋಡೆ ಗಡಿಯಾರದತ್ತ ನೋಡುತ್ತ, "ಸಭೇಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳ್ಬೋದು" ಎಂದರು.

ಅವನು ಎದ್ದು ನಿಂತದ್ದು ಅವನಿಗೇ ತಡವಾಗಿ ಗೊತ್ತಾಯಿತು. "ನಾನು ಎಲ್ಲೋ ಸ್ವಲ್ಪ ಓದಿದೀನಿ" ಎಂದ. "ಅಮೆರಿಕದ ಎಷ್ಟೋ ಊರುಗಳಲ್ಲಿ ಹಂಗೆ ನಡೀತಿತ್ತು. ಕೆಲವರು ಬೆಳಿಗ್ಗೆ ಬಿಳಿಯರ ತರ ಕೆಲಸಕ್ಕೆ ಹೋಗಿ, ಸಂಜೆ ಮನೆಗೆ ಬಂದು ತಮ್ಮ ಜನದ ಜೊತೆ ಊಟ ಮಾಡ್ತಿದ್ರು. ಕೆಲವರು ಪೂರ್ತಿ ಹೊರಟೋದ್ರು. ಆಮೇಲೆ ರಸ್ತೇಲಿ ತಾಯಿ ಎದುರಿಗೆ ಬಂದ್ರೂ ಮಾತಾಡಿಸ್ತಿರ್ಲಿಲ್ಲ. ತಾಯಿನೂ ಮಾತಾಡಿಸ್ತಿರ್ಲಿಲ್ಲ. ಬೀದಿಗೆಲ್ಲ ಗೊತ್ತಿರೋದು, ಆದ್ರೆ ಯಾರೂ ಬಾಯಿ ಬಿಡ್ತಿರ್ಲಿಲ್ಲ. ಹೋದೋರನ್ನ ಬೀದಿನೇ ಮುಚ್ಚಿಟ್ಕೊಳ್ತಿತ್ತು." ಅಷ್ಟನ್ನೂ ಅವನು ಚೆನ್ನಾಗಿ ಹೇಳಿದ. ಬರೆದದ್ದಕ್ಕಿಂತ ಚೆನ್ನಾಗಿ ಹೇಳಿದೆ ಎಂದು ಅವನ ಮನಸ್ಸು ಲೆಕ್ಕ ಹಾಕಿತು, ಹಾಕಿದ್ದಕ್ಕೆ ಅಸಹ್ಯಪಟ್ಟಿತು.

"ಅವ್ರಿಗೆ ಕೋಪ ಬರ್ತಿರ್ಲಿಲ್ವಾ?" ಎಂದಳು ಬಿಂದು.

"ಅದು ನಾನು ಓದಿದ್ರಲ್ಲಿ ಇರ್ಲಿಲ್ಲ."

"ಕೋಪ ಇದ್ದೇ ಇರುತ್ತಮ್ಮ" ಎಂದರು ಸಂಜೀವಯ್ಯ. ಹೇಳುತ್ತ ಮೈಕಿನ ವಯರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಕೋಪ ಯಾಕಿರಲ್ಲ. ಆದ್ರೆ ಎಲ್ಲೋ ಒಂದ್ಕಡೆ ನೀರು ಗಾಳಿ ಚೆನ್ನಾಗಿರೋ ಮನೆ ಸಿಕ್ಕಿದ್ಯಲ್ಲ ಮಕ್ಳಿಗೆ, ನಮ್ ಬಾಯಿಂದ ಅದ್ಯಾಕೆ ಕೆಡ್ಬೇಕು ಅಂತ ಸುಮ್ನಿರ್ತಾರೆ." ವಯರನ್ನು ಬಿಚ್ಚಿದರು. "ಚೆನ್ನಾಗಿ ಹೇಳಿದ್ರಿ ಸಾರ್. ಕೂತ್ಕೊಳಿ."

ಅವನು ಕೂತ. ಟೀ ಬಂತು, ಬನ್ನು ಬಂತು. ತಟ್ಟೆ ಹಿಡಿದು ಬಂದ ಕಲ್ಯಾಣಿ ಅವನ ಮುಂದೆ ನಿಂತು, "ತಗೊಳ್ಳಿ" ಎಂದಳು. ಬಹುವಚನದ ಆ ಕೊನೆಯನ್ನು ಅವಳು ಬೇಕೆಂದೇ ಎಳೆದಳೋ ಇಲ್ಲವೋ. ಬಿಂದು ಎರಡು ಬನ್ನು ತಿಂದು, ಬೋರಯ್ಯನ ಪಕ್ಕ ಕೂತು ಹಳೆಯ ಸಾಲಿನಲ್ಲಿ ಎಷ್ಟು ಮನೆಗಳಿದ್ದವು, ಬಾವಿ ಎಲ್ಲಿತ್ತು ಎಂದೆಲ್ಲ ಕೇಳಿ ಪುಸ್ತಕದಲ್ಲಿ ಗೆರೆ ಎಳೆದುಕೊಂಡಳು. ಬೋರಯ್ಯ ಬಾವಿಯನ್ನು ತಪ್ಪು ಜಾಗದಲ್ಲಿ ತೋರಿಸಿದ. ಅದು ಸಂಜೀವಯ್ಯನ ಮನೆಯ ಹಿತ್ತಲಿನಲ್ಲಿತ್ತು. ರವಿಕುಮಾರ ಟೀ ಊದುತ್ತ ಸುಮ್ಮನಿದ್ದ.

ಹೊರಡುವಾಗ ಅಪ್ಪ ಗೇಟಿನವರೆಗೆ ಬಂದರು. ಹುಡುಗಿಯ ತಲೆಯ ಮೇಲೆ ಕೈ ಇಡಲು ಹೋಗಿ, ಅನುಮಾನಿಸಿ, ಹಿಂತೆಗೆದುಕೊಂಡರು. "ಮತ್ತೆ ಬಾಮ್ಮ. ಪ್ರತಿ ಭಾನುವಾರ ಇರುತ್ತೆ. ಪುರುಸೊತ್ತಾದ್ರೆ ಸಾರ್‌ನೂ ಕರ್ಕೊಂಡ್ ಬಾ."

"ಬರ್ತೀನಿ ತಾತ" ಎಂದಳು.

ಸ್ಕೂಟರನ್ನು ಮೋರಿಯಾಚೆ ನಿಲ್ಲಿಸಿದ್ದರು. ಅವಳು ಕೀ ಹಾಕಿದಳು, ತಿರುಗಿಸಲಿಲ್ಲ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಪಟ್ಟಿಯನ್ನು ಬಿಚ್ಚುತ್ತ ಹಾಕುತ್ತ, "ಅಂಕಲ್, ನಾನು ಮನೇಲಿ ಏನೂ ಹೇಳಲ್ಲ" ಎಂದಳು.

ಬೀದಿಯ ಸದ್ದುಗಳೆಲ್ಲ ಹಾಗೇ ಇದ್ದವು. ಯಾರದೋ ಮನೆಯ ಟಿವಿ, ಒಗ್ಗರಣೆಯ ಚಟಪಟ, ಗೋಡೆಯಾಚೆ ಲಿಫ್ಟಿನ ಗಂಟೆ. ಅವಳು ತಲೆ ತಗ್ಗಿಸಿಕೊಂಡೇ ಇದ್ದಳು, ಆದರೆ ಕಾಯುತ್ತಿದ್ದಳು. ಆ ಮಾತನ್ನು ಅವಳು ಕೊಟ್ಟದ್ದು ಅವನು ಬೇಡವೆನ್ನಲಿ ಎಂದೇ ಇರಬೇಕು, ಅಥವಾ ಹಾಗೆಂದು ಅವನಿಗೆ ಅನಿಸಿತು. ಹೇಳು, ಪರವಾಗಿಲ್ಲ ಎನ್ನಬಹುದಿತ್ತು. ಅವರು ನಮ್ಮಪ್ಪ ಎನ್ನಬಹುದಿತ್ತು. ಅವಳಿಗೆ ಗೊತ್ತಿರುವುದನ್ನೇ ಅವಳಿಗೆ ಹೇಳುವುದಕ್ಕೆ ಧೈರ್ಯವೂ ಬೇಕಿರಲಿಲ್ಲ. ಹಿಂದೆ ಗೇಟಿನಲ್ಲಿ ಆ ಬಿಳಿ ಶರ್ಟು ಇನ್ನೂ ನಿಂತಿದೆಯೆಂದು, ತಿರುಗಿ ನೋಡದೆಯೇ ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ಪದ್ಮನಾಭನಗರದ ನಡುಮನೆಯ ದೊಡ್ಡ ಕಿಟಕಿ, ಅದರಿಂದ ಬೆಳಿಗ್ಗೆ ಬೀಳುವ ಬಿಸಿಲು, ಮಗು ಅಲ್ಲಿ ಕೂತು ಚಿತ್ರ ಬರೆಯುವ ಜಾಗ ಕಣ್ಣ ಮುಂದೆ ಬಂತು.

"ಥ್ಯಾಂಕ್ಸಮ್ಮಾ" ಎಂದ. ಅಷ್ಟು ಸಾಲದೆಂಬಂತೆ, ದನಿ ಇನ್ನೂ ತಗ್ಗಿಸಿ, "ನಿಮ್ಮಮ್ಮಂಗೂ ಬೇಡ" ಎಂದು ಸೇರಿಸಿದ.

ಅವಳು ತಲೆಯೆತ್ತಿ ಒಮ್ಮೆ ಅವನನ್ನು ನೋಡಿದಳು. ಹೆಲ್ಮೆಟ್ ಹಾಕಿಕೊಂಡು, "ಹೂಂ, ಹೇಳಲ್ಲ. ಹತ್ತಿ" ಎಂದಳು, ಅತ್ತು ಸುಸ್ತಾದ ಮಗುವಿಗೆ ದೊಡ್ಡವರು ಹೇಳುವ ದನಿಯಲ್ಲಿ. ಅವನು ಹತ್ತಿದ.